ನಮ್ಮ ಎಂಜಲಿಗೆ ಬೆಲೆ ಬಂದ ವರ್ಷ

ನಮ್ಮ ಅಜ್ಜ ಔರಾದದ ಹೋಟೆಲಿನಲ್ಲಿ ಚಹಾ ಕುಡಿಯಬೇಕೆಂದರೆ ಒಳಗೆ ಕಾಲಿಡುವಂತಿರಲಿಲ್ಲ. ಹೊರಗಿನ ಗೋಡೆಯ ಮೊಳೆಯಲ್ಲಿ ನಮ್ಮ ಕೇರಿಯವರಿಗೆಂದೇ ಅಂಚು ಒಡೆದ ಒಂದು ಚಹಾದ ಕಪ್ಪು ತೂಗುತ್ತಿತ್ತು. ಅದನ್ನು ಇಳಿಸಿಕೊಂಡು, ಮೇಲಿನಿಂದ ಸುರಿದ ಚಹಾ ಕುಡಿದು, ತಾನೇ ತೊಳೆದು, ಮತ್ತೆ ಮೊಳೆಗೆ ಸಿಕ್ಕಿಸಬೇಕು. ಅವನ ಎಂಜಲು ಯಾರಿಗೂ ತಗಲಬಾರದು. ಅದೇ ಅಜ್ಜನ ಮೊಮ್ಮಗನಾದ ನನ್ನ ಎಂಜಲನ್ನು ಒಯ್ಯಲು ಹೈದರಾಬಾದಿನ ಕಡೆಯಿಂದ ಎ.ಸಿ. ಗಾಡಿ ಬಂತು. ಕೈಗವಸು ಹಾಕಿಕೊಂಡ ಇಬ್ಬರು ಅದನ್ನು ಜೋಪಾನವಾಗಿ ಎತ್ತಿ ಐಸಿನ ಡಬ್ಬಿಯಲ್ಲಿಟ್ಟರು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ‘ಥ್ಯಾಂಕ್ಯೂ ಸರ್’ ಎಂದಳು. ಉಗುಳಿದ್ದಕ್ಕೆ ಥ್ಯಾಂಕ್ಯೂ ಹೇಳಿಸಿಕೊಂಡವರಲ್ಲಿ ನಮ್ಮ ವಂಶಕ್ಕೆ ನಾನೇ ಮೊದಲಿಗ. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ನಾನು ಬೀದರಿನ ಚಿದ್ರಿಯಲ್ಲಿ ಮನೆ ಕಟ್ಟಿಕೊಂಡು ಕೂತಿರುವ ನಿವೃತ್ತ ಲ್ಯಾಬ್ ಟೆಕ್ನಿಷಿಯನ್. ಹುಟ್ಟಿದ್ದು ಔರಾದ ತಾಲೂಕಿನ ಎಕಂಬಾದಲ್ಲಿ. ಮೂವತ್ತು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ಜನರ ರಕ್ತ, ಉಚ್ಚೆ, ಕಫ ನೋಡಿದ್ದೇನೆ. ನಮ್ಮ ಜನರ ಪಾಲಿಗೆ ನಾನು ಅರ್ಧ ಡಾಕ್ಟರು. ಊರಿಗೆ ಹೋದರೆ ಔಷಧದ ಚೀಟಿ ಹಿಡಿದುಕೊಂಡು ನಾಲ್ಕು ಮಂದಿ ಬುದ್ಧವಿಹಾರದ ಕಟ್ಟೆಗೆ ಬಂದು ಕೂರುತ್ತಾರೆ. ಆದರೆ ನಿವೃತ್ತಿಯಾದ ಮೇಲೆ ಚಿದ್ರಿಯಲ್ಲಿ ಈ ಅರ್ಧ ಡಾಕ್ಟರನ್ನು ಕೇಳುವವರೇ ಇರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಬೆಳಿಗ್ಗೆ ಪೇಪರು ಓದಿ ಮುಗಿಸಿದರೆ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂರಬೇಕು.

ಒಬ್ಬಳೇ ಮಗಳು. ಅವಳನ್ನು ಭಾಲ್ಕಿಯಲ್ಲಿರುವ ನನ್ನ ಅಕ್ಕನ ಮಗನಿಗೇ ಕೊಟ್ಟಿದ್ದೆ. ನಮ್ಮಲ್ಲಿ ಅದು ಹೊಸದಲ್ಲ. ತಮ್ಮನಿಗೆ ಮಗಳು ಹುಟ್ಟಿದ ದಿನವೇ ಅಕ್ಕ ಬಂದು ‘ಇದು ನಂದು’ ಎಂದು ಹೇಳಿ ಹೋಗುವುದು ರೂಢಿ. ಅಳಿಯ ಸಾಲಿ ಮಾಸ್ತರ. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಮೊದಲ ಕೂಸು ಹುಟ್ಟಿದಾಗಿನಿಂದ ಬಿಳಿಚಿಕೊಂಡಿತ್ತು, ಏಳು ತಿಂಗಳಿಗೆ ಜ್ವರ ಬಂದು ಎರಡೇ ದಿನದಲ್ಲಿ ಹೋಗಿಬಿಟ್ಟಿತು. ಯಾವ ಪರೀಕ್ಷೆಯನ್ನೂ ಮಾಡದ ಒಬ್ಬ ಡಾಕ್ಟರು ‘ಸಂಬಂಧದಾಗ ಲಗ್ನ ಮಾಡ್ತೀರಿ, ಆಮ್ಯಾಲ ನಮ್ಮ ಕಡೆ ಅಳ್ಕೋತ ಬರ್ತೀರಿ’ ಎಂದು ಬಯ್ದು ಕಳಿಸಿದ. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದುಕೊಂಡಿತು. ಲಗ್ನ ಮಾಡಿದವನು ನಾನೇ ತಾನೆ.

ಇಂಥ ಹೊತ್ತಿನಲ್ಲಿ ಕೋಟು ಹಾಕಿಕೊಂಡ ಸಾಹೇಬನೊಬ್ಬ ಚಿದ್ರಿಯ ನಮ್ಮ ಮನೆಗೆ ಬಂದ. ಅವನ ಕಂಪನಿ ದೇಶದ ಜನರ ಡಿಎನ್‌ಎ ಕೂಡಿಸಿಡುವ ಒಂದು ದೊಡ್ಡ ಬ್ಯಾಂಕ್ ಮಾಡುತ್ತಿದೆಯಂತೆ. ಉಗುಳು ಸಾಕಂತೆ, ಸೂಜಿ ಬೇಡವಂತೆ. ಮುಂದೆ ಸಕ್ಕರೆ ಕಾಯಿಲೆಗೆ, ಕ್ಯಾನ್ಸರಿಗೆ ಔಷಧ ಹುಡುಕುವವರೆಲ್ಲ ಈ ಬ್ಯಾಂಕಿನ ಬಾಗಿಲಿಗೇ ಬರುತ್ತಾರಂತೆ. ‘ನಿಮ್ಮ ಕಮ್ಯುನಿಟಿ ತುಂಬಾ ಸ್ಪೆಷಲ್ ಸರ್’ ಎಂದ. ‘ತಲೆತಲಾಂತರದಿಂದ ಒಂದೇ ಜಾಗದಲ್ಲಿದ್ದೀರಿ, ನಿಮ್ಮ ನಿಮ್ಮಲ್ಲೇ ಮದುವೆ ಆಗಿದ್ದೀರಿ. ಇಂಥ ಡೇಟಾ ಹುಡುಕಿದ್ರೂ ಸಿಗಲ್ಲ.’

ನಮ್ಮ ನಮ್ಮಲ್ಲೇ ಆಗದೆ ಇನ್ಯಾರು ನಮಗೆ ಹೆಣ್ಣು ಕೊಡುತ್ತಿದ್ದರು? ಊರು ನಮ್ಮನ್ನು ಹೊರಗಿಟ್ಟು ಕಾಯ್ದುಕೊಂಡಿತು, ಅದರಿಂದ ನಮ್ಮ ರಕ್ತ ವಿಜ್ಞಾನಕ್ಕೆ ಉಪಯೋಗವಾಗುವ ಹಾಗೆ ಬೆರಕೆಯಿಲ್ಲದೆ ಉಳಿಯಿತು. ಊರಿನವರಿಗೂ ಒಂದು ಥ್ಯಾಂಕ್ಯೂ ಹೇಳಬೇಕಿತ್ತು. ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆಗ ನಾನು ಕೇಳಿದ್ದು ಒಂದೇ ಮಾತು: ಮಗಳ ಮನೆಯವರದ್ದೂ ಕೊಟ್ಟರೆ ಕೂಸು ಯಾಕೆ ಹೋಯಿತೆಂದು ಗೊತ್ತಾಗುತ್ತದೆಯೇ? ಸಾಹೇಬ ಎದೆಯ ಮೇಲೆ ಕೈಯಿಟ್ಟು ‘ಖಂಡಿತ ಸರ್, ಏನೇ ಇದ್ರೂ ಗೊತ್ತಾಗುತ್ತೆ’ ಎಂದ. ಯಾರಿಗೆ ಗೊತ್ತಾಗುತ್ತದೆ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮರುವಾರವೇ ನನ್ನ ಕೊರಳಲ್ಲಿ ‘ಸಮುದಾಯ ಮಿತ್ರ’ ಎಂಬ ಚೀಟಿ ತೂಗಾಡತೊಡಗಿತು.

ಮೊದಲ ಶಿಬಿರ ಎಕಂಬಾದಲ್ಲಿ, ವಿಹಾರದ ಅಂಗಳದಲ್ಲಿ. ಉಗುಳಿದವರಿಗೆ ಪುಕ್ಕಟೆ ಬಿ.ಪಿ., ಸಕ್ಕರೆ ಪರೀಕ್ಷೆ, ಮೇಲೆ ಕಂಪನಿಯ ಹೆಸರು ಕೊರೆದ ಒಂದು ಸ್ಟೀಲ್ ಡಬ್ಬಿ. ಒಪ್ಪಿಗೆ ಪತ್ರ ಹದಿನಾಲ್ಕು ಪುಟ. ಅದರ ಕನ್ನಡ ಯಾವ ಊರಿನದೋ ದೇವರಿಗೇ ಗೊತ್ತು. ‘ಅನಾಮಧೇಯೀಕರಣ’, ‘ತೃತೀಯ ಪಕ್ಷಕಾರರು’, ‘ಅನಿರ್ದಿಷ್ಟಾವಧಿ’ ಎಂಬ ಶಬ್ದಗಳು ಗೋಡೆ ಕಟ್ಟಿದ ಹಾಗೆ ಒಂದರ ಮೇಲೊಂದು ನಿಂತಿದ್ದವು. ಅದನ್ನು ಜನರಿಗೆ ತಿಳಿಯುವ ಹಾಗೆ ವಿವರಿಸುವುದೇ ಸಮುದಾಯ ಮಿತ್ರನ ಕೆಲಸ. ನಾನು ವಿವರಿಸಿದ್ದು ಹೀಗೆ: ‘ಇಲ್ಲಿ ಸಹಿ ಮಾಡ್ರಿ.’

ಅಲ್ಲಿ ಪ್ರಶ್ನೆ ಕೇಳಿದವಳು ನನ್ನ ಕಾಕಿ ಒಬ್ಬಳೇ. ಎಂಬತ್ತು ದಾಟಿದವಳು, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ.

‘ಅಲ್ಲಪ್ಪಾ, ನಮ್ಮ ಉಗುಳಿನಿಂದ ಔಷಧ ಮಾಡ್ತಾರಂದ್ರ, ಆ ಔಷಧ ನಮಗ ಕಡಿಮಿ ರೇಟಿಗಿ ಕೊಡ್ತಾರಾ?’

ನಾನು ಗುರುತಿನ ಚೀಟಿಯ ಹುಡುಗಿಯ ಮುಖ ನೋಡಿದೆ. ಅವಳು ನಗುತ್ತಾ, ಪಾಲು ಕೇಳುವ ಹಕ್ಕು ಕೊಡುವವರಿಗೆ ಇರುವುದಿಲ್ಲ, ಒಂಬತ್ತನೇ ಪುಟದಲ್ಲಿ ಬರೆದಿದೆ ಎಂದಳು. ನಾನು ಕಾಕಿಗೆ ಅದನ್ನು ‘ಮುಂದ ನೋಡ್ತಾರಂತ ಕಾಕಿ’ ಎಂದು ಹೇಳಿದೆ. ಕಾಕಿ ಹೆಬ್ಬೆಟ್ಟು ಒತ್ತಿದಳು. ಅವಳು ಒತ್ತಿದ್ದು ಕಂಪನಿಯನ್ನು ನಂಬಿ ಅಲ್ಲ, ನನ್ನನ್ನು ನಂಬಿ.

ಇನ್ನು ಉಗುಳುವುದು. ಅದು ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಅರ್ಧ ತಾಸು ಮೊದಲಿನಿಂದ ಬಾಯಲ್ಲಿ ಏನೂ ಇರಬಾರದು. ಚಹಾ ಇಲ್ಲ, ಎಲೆಅಡಿಕೆ ಇಲ್ಲ, ತಂಬಾಕು ಇಲ್ಲ, ಗುಟ್ಕಾ ಇಲ್ಲ. ಆಮೇಲೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿ ಗೆರೆಯವರೆಗೆ ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. ಔರಾದ ತಾಲೂಕಿನ ಗಂಡಸಿನ ಬಾಯಿ ಅರ್ಧ ತಾಸು ಖಾಲಿ ಇರಬೇಕೆಂದರೆ ಅವನು ನಿದ್ದೆ ಮಾಡುತ್ತಿರಬೇಕು. ಸಾಲದ್ದಕ್ಕೆ ಹಿರಿಯರಿಗೆ ನಾಚಿಕೆ. ನಾಲ್ಕು ಮಂದಿಯ ಎದುರು, ಅದೂ ಹೆಣ್ಣುಮಕ್ಕಳ ಎದುರು, ಕೂತು ಉಗುಳುವುದೆಂದರೆ ಏನು ಮರ್ಯಾದೆ? ಒಬ್ಬ ದೊಡ್ಡಪ್ಪ ಮೂತಿ ತಿರುವಿ ‘ನೀ ಕೊಳವಿ ಮನಿಗಿ ಕಳಸು, ಮನ್ಯಾಗ ಕೊಡ್ತೇನಿ’ ಎಂದ.

ಎಲ್ಲರಿಗೂ ಇದು ಸರಿ ಕಂಡಿತು. ಕೊಳವೆಗಳು ಮನೆಗಳ ಒಳಗೆ ಹೋದವು, ಸ್ವಲ್ಪ ಹೊತ್ತಿಗೆ ಗೆರೆ ಮುಟ್ಟುವ ಹಾಗೆ ತುಂಬಿಕೊಂಡು ಹೊರಗೆ ಬಂದವು. ಬೇರೆ ಕಡೆ ಒಬ್ಬ ಮುದುಕನಿಂದ ಒಂದು ಕೊಳವೆ ತುಂಬಿಸಲು ಹರಸಾಹಸ ಪಡಬೇಕಾಗುತ್ತದೆ, ಇಲ್ಲಿ ಇಷ್ಟು ಸಲೀಸಾಗಿ ಹೇಗೆ ಆಗುತ್ತಿದೆ ಎಂದು ಹುಡುಗಿಗೆ ಆಶ್ಚರ್ಯ. ‘ನಮ್ಮ ಮಂದಿ ಗಟ್ಟಿ ಅದಾರ್ರಿ’ ಎಂದು ನಾನು ಎದೆಯುಬ್ಬಿಸಿದೆ. ಕೊಳವೆಗಳು ಅಡಿಗೆಮನೆಯ ಕಡೆಯಿಂದಲೇ ಯಾಕೆ ಬರುತ್ತಿವೆ ಎಂದು ನನಗೂ ಹೊಳೆಯಲಿಲ್ಲ.

ಭಾಲ್ಕಿಯಲ್ಲಿ ಅಕ್ಕನ ಮನೆಯದನ್ನು ನಾನೇ ಖುದ್ದಾಗಿ ತೆಗೆದುಕೊಂಡೆ. ಖುದ್ದಾಗಿ ಎಂದರೆ, ಅಕ್ಕ, ಭಾವ, ಅಳಿಯ, ಮಗಳು ಈ ನಾಲ್ವರ ನಾಲ್ಕು ಕೊಳವೆಗಳನ್ನು ಪಡಸಾಲೆಯ ಮೇಜಿನ ಮೇಲಿಟ್ಟು ನಾನು ಊಟಕ್ಕೆ ಕೂತೆ. ಮಗಳ ಮನೆಯಲ್ಲಿ ಅಪ್ಪ ಎಂದರೆ ಬೀಗ. ಹೋಳಿಗೆ ಮಾಡಿದ್ದರು, ಉಂಡು ಅಲ್ಲೇ ಅಡ್ಡಾದೆ. ಎದ್ದಾಗ ನಾಲ್ಕೂ ತುಂಬಿದ್ದವು. ಅಳಿಯನ ಬಾಯಿ ಯಥಾಪ್ರಕಾರ ಕೆಂಪಗಿತ್ತು. ಸಾಲಿಯಲ್ಲಿ ಮಕ್ಕಳಿಗೆ ಗುಟ್ಕಾ ವಿರುದ್ಧ ಪ್ರತಿಜ್ಞೆ ಬೋಧಿಸುವವನು ಅವನು. ಅವನ ಬಾಯಿ ನೋಡಿದರೂ ನನಗೆ ಅನುಮಾನ ಬರಲಿಲ್ಲ ಎಂದರೆ ಹೋಳಿಗೆ ಎಷ್ಟು ಚೆನ್ನಾಗಿತ್ತೆಂದು ತಿಳಿಯಬೇಕು.

ಇನ್ನೊಂದು ಕೆಲಸ ಮಾಡಿದೆ. ಹೆಸರು ಬರೆದಿಟ್ಟುಕೊಳ್ಳಬಾರದು, ಕೊಳವೆಗೆ ನಂಬರು ಅಂಟಿಸಿದ ಮೇಲೆ ಮನುಷ್ಯನನ್ನು ಮರೆತುಬಿಡಬೇಕು ಎಂದು ಕಂಪನಿ ತರಬೇತಿಯಲ್ಲಿ ಹೇಳಿತ್ತು. ಮೂವತ್ತು ವರ್ಷ ರಿಜಿಸ್ಟರು ಬರೆದ ಕೈ ಕೇಳಬೇಕಲ್ಲ. ನೂರು ಹಾಳೆಯ ಒಂದು ನೋಟುಬುಕ್ಕಿನಲ್ಲಿ ಪ್ರತಿ ನಂಬರಿನ ಎದುರು ಹೆಸರು, ಅಪ್ಪನ ಹೆಸರು, ಊರು, ಯಾರು ಯಾರಿಗೆ ಏನಾಗಬೇಕು ಎಂದು ಕೆಂಪು ಮಸಿಯ ಗೆರೆ ಹೊಡೆದು ಬರೆದಿಟ್ಟೆ. ಕಂಪನಿಯಿಂದ ನನಗೆ ಉತ್ತಮ ಸಮುದಾಯ ಮಿತ್ರನೆಂದು ಪ್ರಮಾಣಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಮೊಳೆ ನಾನೇ ಹೊಡೆದೆ.

ಆರು ತಿಂಗಳು ಕಳೆದವು. ಮಗಳು ಮತ್ತೆ ಬಸಿರಾದಳು. ಎರಡು ತಿಂಗಳು ತುಂಬಿದಾಗ ಅಕ್ಕ ಫೋನು ಮಾಡಿದಳು. ‘ತಮ್ಮಾ, ಈ ಸಲ ಏನಾರ ಹೆಚ್ಚುಕಡಿಮಿ ಆದ್ರ ನಾ ತಡ್ಕೊಳಲ್ಲ ನೋಡು. ಆ ನಿನ್ನ ಕಂಪನ್ಯಾಗ ಏನ್ ಬಂದದಾ ಕೇಳು.’

ಸಾಹೇಬನಿಗೆ ಫೋನು ಹಚ್ಚಿದೆ. ಅವನ ದನಿ ಬದಲಾಗಿತ್ತು. ನಿಯಮದ ಪ್ರಕಾರ ವ್ಯಕ್ತಿಗಳಿಗೆ ಫಲಿತಾಂಶ ಕೊಡುವಂತಿಲ್ಲವಂತೆ. ಕೊಳವೆಗಳಿಗೆ ಹೆಸರಿಲ್ಲವಂತೆ, ಆದ್ದರಿಂದ ನಮ್ಮವು ಯಾವುವೆಂದು ಅವರಿಗೂ ತಿಳಿಯದಂತೆ. ಇದೆಲ್ಲ ಜನರ ಗುಟ್ಟು ಕಾಪಾಡಲಿಕ್ಕೇ ಅಂತೆ. ‘ಹಂಗಂದ್ರ ನಿಮಗ ಗೊತ್ತಾಗ್ತದ, ನಮಗ ಇಲ್ಲ’ ಎಂದೆ. ‘ಹಾಗಲ್ಲ ಸರ್’ ಎಂದ. ಹೇಗೆ ಎಂದು ಹೇಳಲಿಲ್ಲ. ನಾನು ಸಿಟ್ಟಿನಲ್ಲಿ, ನಂಬರು ನನ್ನ ನೋಟುಬುಕ್ಕಿನಲ್ಲಿವೆ, ನಾಲ್ಕೂ ಈಗಲೇ ಹೇಳುತ್ತೇನೆ, ನೋಡಿ ಹೇಳಿ ಎಂದೆ. ಅವನು ಬಹಳ ಮೆತ್ತಗೆ ‘ನೋಟುಬುಕ್ಕಾ ಸರ್?’ ಎಂದ.

ಮರುದಿನವೇ ಸಾಹೇಬ ಚಿದ್ರಿಯ ನಮ್ಮ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಜೊತೆಗೆ ಅದೇ ಹುಡುಗಿ. ಔರಾದ, ಭಾಲ್ಕಿಯ ಕೊಳವೆಗಳಲ್ಲಿ ಏನೋ ಗೊಂದಲವಾಗಿದೆಯಂತೆ. ಗಂಡಸರದ್ದೆಂದು ಬರೆದ ಬಹಳಷ್ಟು ಕೊಳವೆಗಳು ಹೆಂಗಸರದ್ದೆಂದು ಬರುತ್ತಿವೆಯಂತೆ. ಗಾಡಿಯಲ್ಲಿ ಚೀಟಿಗಳು ಅದಲುಬದಲಾಗಿರಬೇಕು, ನನ್ನ ನೋಟುಬುಕ್ಕು ಸಿಕ್ಕರೆ ಎಲ್ಲ ಸರಿಮಾಡಬಹುದು ಎಂದ. ಯಾರಿಗೆ ಯಾರು ಏನಾಗಬೇಕೆಂದು ನಾನು ಬರೆದಿಟ್ಟಿದ್ದೇನೆಂದು ಕೇಳಿ ಅವನ ಕಣ್ಣು ಹೊಳೆದವು. ಅವರ ಬ್ಯಾಂಕಿನ ಡೇಟಾ ಕೊಳ್ಳಲು ಹೊರದೇಶದ ಔಷಧ ಕಂಪನಿಯೊಂದು ಮುಂದೆ ಬಂದಿತ್ತು, ವಂಶಾವಳಿ ಇದ್ದರೆ ಅದರ ತೂಕವೇ ಬೇರೆ. ಈ ಮಾತನ್ನು ಅವನು ಹೇಳಲಿಲ್ಲ, ಚಹಾ ಮುಗಿಸುವ ಹೊತ್ತಿಗೆ ಹುಡುಗಿ ಬಾಯಿತಪ್ಪಿ ಆಡಿದಳು.

‘ನೀವು ಕೋಪರೇಟ್ ಮಾಡಿದ್ರೆ ನಿಮ್ಮ ಮಗಳ ವಿಷಯ ನಾನು ಪರ್ಸನಲ್ಲಾಗಿ ನೋಡ್ತೀನಿ ಸರ್. ಅಫಿಷಿಯಲ್ ಅಲ್ಲ.’

ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ಅರ್ಥವಾಯಿತು. ಆ ಬುಕ್ಕಿನಲ್ಲಿ ಕಾಕಿಯ ಹೆಸರಿತ್ತು, ದೊಡ್ಡಪ್ಪನ ಹೆಸರಿತ್ತು, ನನ್ನ ಮಾತು ನಂಬಿ ಹೆಬ್ಬೆಟ್ಟು ಒತ್ತಿದ ಅಷ್ಟೂ ಮನೆಗಳಿದ್ದವು. ಇನ್ನೊಂದು ಕಡೆ ಮಗಳಿಗೆ ಮೂರನೇ ತಿಂಗಳು ನಡೆಯುತ್ತಿತ್ತು. ನಾನು ಎದ್ದು ಟ್ರಂಕಿನಿಂದ ಬುಕ್ಕು ತಂದೆ. ಹುಡುಗಿ ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು. ಗಾಳಿಗೆ ಪುಟ ಹಾರದ ಹಾಗೆ ನಾನೇ ಬೆರಳಿಟ್ಟು ಹಿಡಿದುಕೊಂಡೆ.

ನಾಲ್ಕನೇ ದಿನ ಫೋನು ಬಂತು. ಸಾಹೇಬನಲ್ಲ, ಯಾರೋ ಒಬ್ಬ ಮೇಡಂ. ಗಂಡ, ಹೆಂಡತಿ ಇಬ್ಬರ ಕೊಳವೆಯಲ್ಲೂ ರಕ್ತದ ಒಂದೇ ದೋಷವಿದೆ, ಇಬ್ಬರಲ್ಲೂ ಇದ್ದರೆ ಕೂಸಿಗೆ ಜೀವನಪೂರ್ತಿ ರಕ್ತ ಏರಿಸುವ ಕಾಯಿಲೆ ಬರುವ ಸಂಭವವಿದೆ, ಬೇಗ ಡಾಕ್ಟರನ್ನು ಕಂಡು ತೀರ್ಮಾನ ಮಾಡಿ ಎಂದಳು. ‘ಗಂಡನ ಸ್ಯಾಂಪಲ್ಲಿನಲ್ಲಿ ಗಂಡು ಹೆಣ್ಣು ಅನ್ನೋ ಕಡೆ ಮಾತ್ರ ಸರಿ ತೋರಿಸ್ತಾ ಇಲ್ಲ, ಅದು ಚೀಟಿ ಸಮಸ್ಯೆ, ನೀವು ತಲೆ ಕೆಡಿಸ್ಕೋಬೇಡಿ. ಇಬ್ಬರದೂ ತುಂಬಾನೇ ಮ್ಯಾಚ್ ಆಗ್ತಿದೆ. ನಿಮ್ಮಲ್ಲಿ ಸಂಬಂಧದಲ್ಲೇ ಮದುವೆ ಅಲ್ವಾ, ಹಾಗಾಗಿ.’ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮೂವತ್ತು ವರ್ಷ ಲ್ಯಾಬಿನಲ್ಲಿ ಕೂತವನು ಕೈಗೆ ಬಂದ ರಿಪೋರ್ಟಿನಲ್ಲಿ ಗಂಡಸು ಹೆಂಗಸಾಗಿದ್ದಾನೆ ಎಂದು ಕೇಳಿಯೂ ‘ಆಯ್ತು ಮೇಡಂ’ ಎಂದೆ. ಕಂಪ್ಯೂಟರಿನಿಂದ ಬಂದದ್ದಲ್ಲವೇ.

ಭಾಲ್ಕಿಯಲ್ಲಿ ಅಕ್ಕ, ಭಾವ, ಅಳಿಯ, ನಾನು ನಾಲ್ವರು ಕೂತು ತೀರ್ಮಾನ ಮಾಡಿದೆವು. ಬೀದರಿಗೆ ಕರೆದೊಯ್ದು ಬಸಿರು ತೆಗೆಸುವುದು. ಮಗಳಿಗೆ ಸದ್ಯ ಹೇಳುವುದು ಬೇಡ, ಸುಮ್ಮನೆ ಹೆದರುತ್ತಾಳೆ, ತಪಾಸಣೆ ಅಂತ ಕರೆದುಕೊಂಡು ಹೋದರಾಯಿತು. ಕಂಪನಿ ನಮ್ಮನ್ನು ಹದಿನಾಲ್ಕು ಪುಟ ಕೇಳಿತ್ತು. ನಾವು ಅವಳನ್ನು ಒಂದು ಮಾತೂ ಕೇಳಲಿಲ್ಲ. ದೋಷ ಇಬ್ಬರಲ್ಲೂ ಇದೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅಕ್ಕನ ಕಿವಿಗೆ ಅರ್ಧವೇ ಬಿತ್ತು. ‘ನನ್ನ ಮಗಂದೇನ್ ತಪ್ಪು ಅದಾ ತಮ್ಮಾ? ಬ್ಯಾರೆ ಹೆಣ್ಣು ತಂದಿದ್ರ ಹಿಂಗ ಆಗ್ತಿತ್ತಾ?’ ಎಂದಳು. ಹುಟ್ಟಿದ ದಿನವೇ ‘ಇದು ನಂದು’ ಎಂದವಳು ಅವಳೇ. ಅಷ್ಟು ನೋವು ನನಗೆ ಹೆಂಡತಿ ಸತ್ತಾಗಲೂ ಆಗಿರಲಿಲ್ಲ.

ಕರೆದೊಯ್ಯುವ ದಿನ ಬೆಳಿಗ್ಗೆ ನಾನು ಭಾಲ್ಕಿಗೆ ಹೋದಾಗ ಮಗಳು ಅಡಿಗೆಮನೆಯಲ್ಲಿ ಗಂಡನಿಗೆ ಡಬ್ಬಿ ಕಟ್ಟುತ್ತಿದ್ದಳು. ಕಂಪನಿ ಕೊಟ್ಟ ಅದೇ ಸ್ಟೀಲ್ ಡಬ್ಬಿ. ನನ್ನ ಮುಖ ನೋಡಿದವಳೇ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

‘ಖರೇ ಹೇಳು ಅಪ್ಪಾ. ಎಲ್ಲಿಗಿ ಒಯ್ಯಾಕ್ ಬಂದಿ?’

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕಂಪನಿ, ನೋಟುಬುಕ್ಕು, ಮೇಡಂ, ಇಬ್ಬರಲ್ಲೂ ಇರುವ ದೋಷ, ನಾವು ನಾಲ್ವರು ಮಾಡಿದ ತೀರ್ಮಾನ. ಅವಳು ಅಳುತ್ತಾಳೆಂದು ತಿಳಿದಿದ್ದೆ. ಅವಳು ಅಳಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

‘ಇಬ್ಬರದಂದ್ರ ಯಾರ್ಯಾರದು?’

‘ನಿಂದು, ನಿನ್ನ ಗಂಡಂದು.’

‘ಅವರದು ಎಲ್ಲಿಂದ ಬರಬೇಕಪ್ಪಾ? ಅವತ್ತ ಅವರ ಬಾಯಾಗ ಗುಟ್ಕಾ ಇತ್ತು, ನೀನೇ ತುಂಬು ಅಂದ್ರು. ಮಾವನೋರು ಬಾಯಿ ಒಣಗ್ಯಾದ ಅಂದ್ರು. ಅತ್ತಿ ಎಲಿ ಹಾಕ್ಕೊಂಡಿದ್ರು. ನಾಲ್ಕೂ ನಾನ ತುಂಬೀನಿ. ನೀ ಉಂಡು ಮಲ್ಕೊಂಡಿದ್ದಿ. ಕಡೀದಕ್ಕ ಬಾಯಾಗ ನೀರ ಬರವಲ್ದು, ಹುಣಸಿಹಣ್ಣು ನೆನಿಸ್ಕೋತ ಕುಂತೀನಿ.’ ಆಮೇಲೆ ಸ್ವಲ್ಪ ತಡೆದು ಹೇಳಿದಳು. ‘ಈ ಮನಿ ಮಂದಿ ಕೆಲಸ ಎಲ್ಲಾ ನಾನ ಮಾಡ್ತೇನಿ ಅಪ್ಪಾ. ಉಗುಳೋದೂ ನಾನ ಮಾಡೀನಿ.’

ನಾನು ಅಡಿಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟೆ. ಎಕಂಬಾದ ಮನೆಮನೆಯ ಅಡಿಗೆಮನೆ ಕಡೆಯಿಂದ ಬಂದ ಕೊಳವೆಗಳೆಲ್ಲ ಕಣ್ಣ ಮುಂದೆ ಬಂದವು. ದೊಡ್ಡಪ್ಪನ ಕೊಳವೆ ಅಷ್ಟು ಬೇಗ ಹೇಗೆ ತುಂಬಿತೆಂದು ಈಗ ತಿಳಿಯಿತು. ತಲೆತಲಾಂತರದಿಂದ ಒಂದೇ ಜಾಗದಲ್ಲಿದ್ದ ಜನರ ಡೇಟಾ ಎಂದು ಕಂಪನಿ ಮಾರಲು ಹೊರಟಿದ್ದು, ನೆರೆಯ ಊರುಗಳಿಂದ, ಗಡಿಯಾಚೆಯ ಮಹಾರಾಷ್ಟ್ರದಿಂದ ಲಗ್ನವಾಗಿ ಬಂದ ಸೊಸೆಯಂದಿರ ಎಂಜಲನ್ನು. ಬೇರೆ ದಿನವಾಗಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆ.

ಅಳಿಯನನ್ನು ಕರೆದು ಕೇಳಿದೆ. ಅವನು ಗಾಬರಿಯಾಗಿ ಹೆಂಡತಿಯ ಮುಖ ನೋಡಿದ. ‘ಹೌದೇನ? ನಾ ಕೊಟ್ಟಂಗ ನೆನಪದಾ ಮಾಮಾ’ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ದಿನಾ ಸಾಲಿಗೆ ಒಯ್ಯುವ ನೀರಿನ ಬಾಟಲಿ ತುಂಬಿದವರು ಯಾರೆಂದು ಅವನು ಎಂದಾದರೂ ನೆನಪಿಟ್ಟಿದ್ದನೇ? ಅವನ ಮಟ್ಟಿಗೆ ಹೆಂಡತಿ ಕೊಟ್ಟರೆ ತಾನು ಕೊಟ್ಟ ಹಾಗೆಯೇ.

ಪಕ್ಕದ ಔಷಧದ ಅಂಗಡಿಯಿಂದ ಎರಡು ಸಿರಿಂಜು, ಎರಡು ರಕ್ತದ ಕೊಳವೆ ತರಿಸಿದೆ. ಮಗಳದು ಮೊದಲು ತೆಗೆದೆ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ರಕ್ತವಿಲ್ಲದೆ ಬೆಳ್ಳಗಿತ್ತು. ಊರ ಮಂದಿಯ ರಕ್ತವನ್ನೆಲ್ಲ ನೋಡಿದವನು ಅಷ್ಟು ವರ್ಷ ಒಂದು ಸಲ ಆ ರೆಪ್ಪೆ ಎಳೆದು ನೋಡಿರಲಿಲ್ಲ. ಅಳಿಯ ಗೋಡೆಯ ಕಡೆ ಮುಖ ಮಾಡಿ ಕೈ ಚಾಚಿದ. ಈ ಸಲ ಅವನದನ್ನು ಅವನೇ ಕೊಟ್ಟ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಎರಡೂ ಕೊಳವೆ ನನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬೀದರಿಗೆ ಬಂದು ಲ್ಯಾಬಿಗೆ ಕೊಟ್ಟೆ. ದಾರಿಯುದ್ದಕ್ಕೂ ಜೇಬಿನ ಮೇಲೆ ಕೈಯಿತ್ತು.

ನಾಲ್ಕು ದಿನಕ್ಕೆ ರಿಪೋರ್ಟು ಬಂತು. ದೋಷ ಮಗಳಲ್ಲಿತ್ತು, ಅಳಿಯನಲ್ಲಿ ಇರಲಿಲ್ಲ. ಒಬ್ಬರಲ್ಲಿದ್ದರೆ ಕೂಸಿಗೆ ಆ ಕಾಯಿಲೆ ಬರುವುದಿಲ್ಲ ಎಂದು ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಮೊದಲ ಕೂಸು ಹೋದದ್ದು ಈ ದೋಷದಿಂದಲ್ಲ, ಮತ್ತೆ ಯಾತರಿಂದ ಎನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ, ಎದುರಿಗೆ ಜನ ಓಡಾಡುತ್ತಿದ್ದರೂ ಅತ್ತೆ. ಒಂದು ಸಿರಿಂಜಿನ ಕೆಲಸ. ಅದಕ್ಕೆ ಇಡೀ ಊರಿನ ಹೆಸರು ಕೊಟ್ಟು ಬಂದಿದ್ದೆ.

ಆ ಭಾರ ಹೊತ್ತುಕೊಂಡು ಔರಾದದ ಬಸ್ಸು ಹತ್ತಿದೆ, ಅಲ್ಲಿಂದ ಎಕಂಬಾಕ್ಕೆ. ವಿಹಾರದ ಕಟ್ಟೆಗೆ ಎಲ್ಲರನ್ನೂ ಕರೆಸಿ, ನೋಟುಬುಕ್ಕು ಕೊಟ್ಟ ವಿಷಯ ಹೇಳಿದೆ. ಒಪ್ಪಿಗೆ ಹಿಂದೆ ಪಡೆಯಬಹುದೆಂದು ಹನ್ನೊಂದನೇ ಪುಟದಲ್ಲಿದೆ ಎಂದು ಕಂಪನಿಗೆ ಬರೆದಿದ್ದೆ. ಅವರ ಉತ್ತರವನ್ನೂ ಓದಿ ಹೇಳಿದೆ. ಹೆಸರು ಕಿತ್ತುಹಾಕಿರುವುದರಿಂದ ಯಾವುದು ಯಾರದ್ದೆಂದು ಗುರುತಿಸಲಾಗದು, ಹಾಗಾಗಿ ಹಿಂದಿರುಗಿಸಲಾಗದು. ಅಲ್ಲದೆ ಸಂಸ್ಥೆಯನ್ನು ಈಗ ಬೇರೆಯವರು ಕೊಂಡಿದ್ದಾರೆ, ದಯವಿಟ್ಟು ಅವರನ್ನು ಸಂಪರ್ಕಿಸಿ. ಹೆಸರು ಇಲ್ಲವೆಂದು ನೋಟುಬುಕ್ಕು ಬೇಡುವವರು, ಹೆಸರು ಇಲ್ಲವೆಂದು ಕೊಳವೆ ಕೊಡದವರು, ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತವರು. ದೊಡ್ಡಪ್ಪ ನನ್ನನ್ನು ನೋಡದೆ ಎದ್ದು ಹೋದ. ಹೊಲದಲ್ಲಿ ಸೋಯಾ ರಾಶಿ ಇತ್ತು ಎಂದು ಆಮೇಲೆ ಯಾರೋ ಹೇಳಿದರು, ಆದರೆ ಅದಕ್ಕಾಗಿ ಅಲ್ಲ ಎಂದು ನನಗೆ ಗೊತ್ತು.

ಕಾಕಿ ಮಾತ್ರ ಬಹಳ ಹೊತ್ತು ಕೂತಳು.

‘ನಿಮ್ಮ ಅಜ್ಜನ ಎಂಜಲು ಮುಟ್ಟಿದ್ರ ಮೈಲಿಗಿ ಅಂತಿದ್ರು. ಈಗ ನಮ್ಮ ಎಂಜಲು ಕೇಳಿದ್ರ ಕೊಡಲ್ಲ ಅಂತಾರಾ?’

‘ಹೌದು ಕಾಕಿ.’

‘ಅವಾಗೂ ಅವರ ಮಾತೇ ನಡೀತು, ಈಗೂ ಅವರ ಮಾತೇ ನಡೀತದ’ ಎಂದು ಹೇಳಿ ಸೀರೆ ಕೊಡವಿಕೊಂಡು ಎದ್ದಳು. ಆಮೇಲೆ ತಿರುಗಿ, ಉಂಡು ಹೋಗು ಎಂದಳು. ಅವಳು ಬಯ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೊಮ್ಮಗಳು ಹುಟ್ಟಿದಳು. ಕೆಂಪಗೆ, ದುಂಡಗೆ, ಅತ್ತರೆ ಮೂರು ಮನೆ ಆಚೆಗೆ ಕೇಳುವ ಹಾಗೆ. ಬಾಣಂತನ ಚಿದ್ರಿಯ ನಮ್ಮ ಮನೆಯಲ್ಲೇ. ಗೋಡೆಯ ಮೇಲಿದ್ದ ಪ್ರಮಾಣಪತ್ರ ತೆಗೆದು, ಆ ಮೊಳೆಗೆ ಕೂಸಿನ ಕುಲಾವಿ ಸಿಕ್ಕಿಸಿದೆವು. ಕೂಸಿಗೆ ನಾಲ್ಕು ತಿಂಗಳಾದಾಗ ಒಂದು ಮಧ್ಯಾಹ್ನ ಅದು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ಮಲಗಿತ್ತು. ಫೋನು ಬಂತು. ಕೊಂಡುಕೊಂಡ ಹೊಸ ಕಂಪನಿಯವರು. ದನಿ ಬಹಳ ನಯ. ಭಾಲ್ಕಿಯ ಆ ಮನೆಯಲ್ಲಿ ನಾಲ್ಕೂ ಮಂದಿಯಲ್ಲಿ ಒಂದೇ ದೋಷ, ಅದೂ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಕಾಣಿಸಿಕೊಂಡಿದೆಯಂತೆ, ಜಗತ್ತಿನಲ್ಲೇ ಅಪರೂಪವಂತೆ, ವಿಜ್ಞಾನಿಗಳು ಬಹಳ ಉತ್ಸಾಹದಲ್ಲಿದ್ದಾರಂತೆ. ಮನೆಯಲ್ಲಿ ಹೊಸ ಕೂಸು ಬಂದಿದೆ ಎಂದು ತಿಳಿಯಿತು, ಅದರ ಉಗುಳು ಸ್ವಲ್ಪ ಸಿಗಬಹುದೇ, ಗಾಡಿ ನಾವೇ ಕಳಿಸುತ್ತೇವೆ ಎಂದರು. ಕೂಸು ಹುಟ್ಟಿದ್ದು ಅವರಿಗೆ ಯಾರು ಹೇಳಿದರೋ. ಕೇಳಿದ್ದನ್ನೆಲ್ಲ ಪಕ್ಕದಲ್ಲಿದ್ದ ಮಗಳಿಗೆ ಹೇಳಿದೆ.

ಮಗಳು ಫೋನು ಕಸಿದುಕೊಂಡಳು. ಸೀರೆಯ ಸೆರಗಿನಿಂದ ನನ್ನ ಅಂಗಿಯ ಮೇಲಿನ ಜೊಲ್ಲನ್ನು ಒರೆಸುತ್ತಲೇ ಮಾತಾಡಿದಳು.

‘ಆ ಮನಿ ನಾಲ್ಕು ಮಂದೀನೂ ನಾನ ಅದೇನಿ ರೀ. ಮೊದಲು ನನ್ನ ನಾಲ್ಕು ಕೊಳವಿ ತಿರುಗಿ ಕೊಡ್ರಿ, ಆಮ್ಯಾಲ ಮಗಳಿಂದು ಕೇಳೀರಂತ.’

ಆ ಕಡೆಯವರು ಫೋನು ಇಟ್ಟುಬಿಟ್ಟರು. ಮಗಳು ಸೆರಗನ್ನು ಬಕೀಟಿನ ನೀರಿನಲ್ಲಿ ಅದ್ದಿ, ಎರಡು ಸಲ ಹಿಂಡಿ ಒಗೆದಳು. ಆ ನೀರನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ತಾನೇ ಒಯ್ದು ಸುರಿದಳು, ಒಂದು ಹನಿಯೂ ಉಳಿಯದ ಹಾಗೆ ಬಕೀಟು ಬೋರಲು ಹಾಕಿ ಒಳಗೆ ಬಂದಳು.